ಕೂಡಿಡೋದಾದ್ರ ಏನು ಕೂಡಿಡಬೇಕು?

ಮುಂಗಾರು ಹತ್ತಿರ ಬಂದಂಗ ಕುಕನೂರಿನ ಚಹಾ ಅಂಗಡಿಗಳಲ್ಲಿ ಮತ್ತ ಅದೇ ಮಾತು. "ಈ ಸಲಾನೂ ಯೂರಿಯಾ ಸಿಗಂಗಿಲ್ಲಂತ, ರೇಟೂ ಏರತೈತಂತ, ಈಗಾ ತಂದು ಇಟ್ಕೊಂಡು ಬಿಡ್ರಿ." ಈ 'ಅಂತ' ಅನ್ನೋ ಮಾತಿಗೆ ಎಷ್ಟು ರೊಕ್ಕ ಹೋಗುತ್ತೆ ಅನ್ನೋದನ್ನ ನಮ್ಮ ಮನೆಯಲ್ಲೇ ನೋಡಿದ್ದೇನೆ. ಅದಕ್ಕೇ ಈ ವಾರ ಇದನ್ನ ಬರೀತಿದ್ದೇನೆ.

2025ರ ಜುಲೈ ನಿಮಗೂ ನೆನಪಿರಬೇಕು. ಮಳೆ ಬೇಗ ಬಿದ್ದಿತ್ತು. ಗೋವಿನಜೋಳ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಬಿತ್ತಿದ್ದರು. ಮೇಲುಗೊಬ್ಬರದ ಹೊತ್ತಿಗೆ ಯೂರಿಯಾ ಇಲ್ಲ. ಬೆಳಗಿನ ಜಾವದಿಂದಲೇ ಪಾಳಿ, ಪಾಳಿಯಲ್ಲಿ ಚಪ್ಪಲಿ, ಆಧಾರ್ ಕಾರ್ಡಿನ ಜೆರಾಕ್ಸ್. ಕೊಪ್ಪಳದಲ್ಲಿ ರೈತರೊಬ್ಬರು ಗೊಬ್ಬರ ಸಿಗದ ಸಿಟ್ಟಿಗೆ ಮಣ್ಣು ತಿಂದ ವಿಡಿಯೊ ರಾಜ್ಯದ ತುಂಬ ಓಡಾಡಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರ ಸಚಿವ ಜೆ.ಪಿ. ನಡ್ಡಾ ಅವರಿಗೆ ಪತ್ರ ಬರೆದರು. ಕೊರತೆ ಸುಳ್ಳಲ್ಲ, ನಿಜವೇ ಇತ್ತು. ಆದರೆ ಅದನ್ನ ಇನ್ನಷ್ಟು ದೊಡ್ಡದು ಮಾಡಿದ್ದರಲ್ಲಿ ನಮ್ಮ ಪಾಲೂ ಇತ್ತು.

ನಮ್ಮ ಕಾಕಾನ ಲೆಕ್ಕ ಹೇಳ್ತೀನಿ. ನಾಲ್ಕು ಎಕರೆ ಗೋವಿನಜೋಳ, ಮಳೆ ನೀರಿನದು. ಮಳೆಯಾಶ್ರಿತ ಗೋವಿನಜೋಳಕ್ಕೆ ಎಕರೆಗೆ ಶಿಫಾರಸು 40 ಕೆ.ಜಿ. ಸಾರಜನಕ. ಬಿತ್ತುವಾಗ ಒಂದು ಚೀಲ ಡಿಎಪಿ ಕೊಟ್ಟಿದ್ದರೆ ಅದರಲ್ಲೇ 9 ಕೆ.ಜಿ. ಬಂತು. ಉಳಿದ 31 ಕೆ.ಜಿ.ಗೆ ಯೂರಿಯಾ ಬೇಕಾಗೋದು 67 ಕೆ.ಜಿ. ಈಗಿನ ಚೀಲ 45 ಕೆ.ಜಿ.ಯದು, ಅಂದ್ರ ಎಕರೆಗೆ ಒಂದೂವರೆ ಚೀಲ. ನಾಲ್ಕು ಎಕರೆಗೆ ಆರು. ಕಾಕಾ ತಂದದ್ದು ಹದಿನಾಲ್ಕು! ಎಂಟು ಚೀಲ ಪಾಳಿಯಲ್ಲಿ ನಿಂತು, ಉಳಿದ ಆರು ಯಾರ್ಯಾರ ಹತ್ತಿರವೋ ಹೆಚ್ಚಿನ ದುಡ್ಡು ಕೊಟ್ಟು. 266 ರೂಪಾಯಿ 50 ಪೈಸೆಯ ಚೀಲಕ್ಕೆ ಎಷ್ಟು ಕೊಟ್ಟರು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಅದೇ ಓಣಿಯಲ್ಲಿ ಎರಡು ಎಕರೆಯ ಒಬ್ಬ ಅವ್ವ ಇದ್ದಾಳೆ. ಗಂಡ ಇಲ್ಲ, ಮಗ ಬೆಂಗಳೂರಿಗೆ ದುಡಿಯಾಕ ಹೋಗಿದ್ದಾನೆ. ಮೂರು ಸಲ ಪಾಳಿ ಹಚ್ಚಿದರೂ ಆಕೆಗೆ ಒಂದು ಚೀಲವೂ ಸಿಗಲಿಲ್ಲ. ಬೇಕಿದ್ದದ್ದು ಮೂರೇ ಚೀಲ. ಕಾಕಾನ ಕೊಟ್ಟಿಗೆಯಲ್ಲಿ ಎಂಟು ಹೆಚ್ಚಿಗೆ ಇದ್ದವು. ನಾನು ಹೋಗಿ ಕೇಳಿದೆ. "ಮುಂದ ಸಿಗಲಿಲ್ಲ ಅಂದ್ರ ಏನ್ ಮಾಡ್ಲೋ ತಮ್ಮಾ?" ಅಂದರು. ಆಕೆಯ ಹೊಲದ ಕೆಳಗಿನ ಎಲೆಗಳು ತುದಿಯಿಂದ ನಡು ದಿಂಡಿನ ಗುಂಟ ಹಳದಿಯಾಗ್ತಾ ಬಂದವು. ಸಾರಜನಕದ ಕೊರತೆ ಹಾಗೇ ಕಾಣೋದು. ತೆನೆ ಸಣ್ಣವಾದವು.

ಡಿಸೆಂಬರಿನಲ್ಲಿ ಕಾಕಾ ಆ ಚೀಲ ಬಿಚ್ಚಿದರು. ನೆಲದ ಮೇಲೆ, ಗೋಡೆಗೆ ಒರಗಿಸಿ ಒಟ್ಟಿದ್ದರು. ಯೂರಿಯಾ ಗಾಳಿಯ ತೇವ ಎಳೆದುಕೊಳ್ಳುವ ವಸ್ತು. ಆರು ಚೀಲ ಕಲ್ಲು, ಕೆಳಗಿನ ಎರಡು ಅರ್ಧ ನೀರಾಗಿ ಹರಿದಿದ್ದವು. ಗಟ್ಟಿಯಾದದ್ದು ಕೆಟ್ಟಿದೆ ಅಂತಲ್ಲ, ಸುತ್ತಿಗೆಯಿಂದ ಒಡೆದು ಪುಡಿ ಮಾಡಿ ಹಾಕಬಹುದು. ಹರಿದದ್ದು ಮಾತ್ರ ಹೋಯಿತು. ನನಗೆ ಹೆಚ್ಚು ಹೆದರಿಕೆಯಾದದ್ದು ಬೇರೆ: ಅದು ದನದ ಕೊಟ್ಟಿಗೆ. ಯೂರಿಯಾ ನೆಕ್ಕಿದರೆ ಅಥವಾ ಅದು ಕರಗಿದ ನೀರು ಕುಡಿದರೆ ದನ ಸಾಯುತ್ತವೆ. ಜಗಳ ಮಾಡಿ ಅವತ್ತೇ ತೆಗೆಸಿದೆ. ಇಡಲೇಬೇಕಾದವರು ಹಲಗೆಯ ಮೇಲೆ, ಗೋಡೆಯಿಂದ ದೂರ, ದನ ಬಾಯಿ ಹಾಕದ ಕಡೆ ಇಡಿ. ಒಂದು ಹಂಗಾಮಿಗಿಂತ ಹೆಚ್ಚು ಬೇಡ.

"ನೀನು ಸಾವಯವದಾಂವ, ನಿನಗೇನಪ್ಪ" ಅಂತೀರಿ. ಹೌದು, ನಾನು ಪಾಳಿ ನಿಲ್ಲಲಿಲ್ಲ. ಆದರೆ ಒಂದು ಟನ್ ಒಳ್ಳೆ ತಿಪ್ಪೆ ಗೊಬ್ಬರದಲ್ಲಿ ಇರೋದು ಸುಮಾರು 5 ಕೆ.ಜಿ. ಸಾರಜನಕ, ಅದೂ ಮೊದಲ ವರ್ಷವೇ ಪೂರಾ ಬೆಳೆಗೆ ಸಿಗೋದಿಲ್ಲ. ಆ 31 ಕೆ.ಜಿ. ಲೆಕ್ಕ ತಿಪ್ಪೆಯಿಂದ ತುಂಬಿಸಬೇಕಂದ್ರ ಎಕರೆಗೆ ಆರು ಟನ್ ಮೇಲೆ ಬೇಕು. ಎರಡು ಎತ್ತು, ಒಂದು ಆಕಳು ಇರುವ ಮನೆ ಎಲ್ಲ ಹೊಲಕ್ಕೂ ಅಷ್ಟು ಎಲ್ಲಿಂದ ತರಬೇಕು? ನನ್ನ ಎರಿ ಹೊಲದಲ್ಲಿ ಮುಂಗಾರಿಗೆ ಅಪಸೆಣಬು ಬಿತ್ತಿ, ಹೂ ಬಿಡೋ ಹೊತ್ತಿಗೆ, ಅಂದ್ರ ಆರೇಳು ವಾರಕ್ಕೆ ಮಣ್ಣಿಗೆ ಸೇರಿಸಿ, ಹಿಂಗಾರಿ ಜೋಳ ಹಾಕುತ್ತೇನೆ. ಮಸಾರಿಯಲ್ಲಿ ಮುಂಗಾರಿಗೇ ಗೋವಿನಜೋಳ ಬಿತ್ತುವವರಿಗೆ ಆ ಸಮಯ ಸಿಗೋದಿಲ್ಲ. ಹಾಗಾಗಿ ಕಾಕಾಗೆ ಉಪದೇಶ ಮಾಡೋಕೆ ನನಗೆ ಬಾಯಿಲ್ಲ.

ಇನ್ನೊಂದು ಕಾರಣಕ್ಕೂ ಬಾಯಿಲ್ಲ. 2023ರ ಬೇಸಿಗೆಯಲ್ಲಿ ಕಣಕಿಗೆ ಒಳ್ಳೆ ರೇಟು ಬಂತು ಅಂತ ನಾನು ಬಣವಿಯ ಅರ್ಧ ಮಾರಿದೆ. ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಮಾರಿದ ಕಣಕಿಯನ್ನೇ ಹೆಚ್ಚುಕಡಿಮೆ ಮೂರು ಪಟ್ಟು ಕೊಟ್ಟು ಕೊಂಡೆ. ಅದೂ ಸಾಲದೆ ಮರುವರ್ಷದ ಬೇಸಿಗೆಗೆ ಒಂದು ಎತ್ತು ಸಂತೆಗೆ ಹೋಯಿತು. ತೋಟಗಾರಿಕೆ ಪದವಿ ಓದಿದವನು ಹಾಕದ ಲೆಕ್ಕ ಇಷ್ಟೇ: ಒಂದು ಎತ್ತಿಗೆ ದಿನಕ್ಕೆ 7 ಕೆ.ಜಿ. ಒಣ ಮೇವು, ಎರಡು ಎತ್ತು, ನಾಲ್ಕು ತಿಂಗಳು, ಒಟ್ಟು 1,680 ಕೆ.ಜಿ. ಈಗ ಒಂದೂಮುಕ್ಕಾಲು ಟನ್ ಮುಟ್ಟದ ಮೇವು ಅಂತ ಒಂದು ಬಣವಿ ಬೇರೆಯೇ ಒಟ್ಟಿದ್ದೇನೆ. ರೇಟು ಎಷ್ಟೇ ಬರಲಿ, ಹೊಸ ಮೇವು ಬಂದ ಮೇಲಷ್ಟೇ ಹಳೆಯದಕ್ಕೆ ಕೈ.

ಕೂಡಿಡೋದು ತಪ್ಪಲ್ಲ. ನಮ್ಮ ಸೀಮೆ ಉಳಿದದ್ದೇ ಕೂಡಿಟ್ಟು. ಹಳೆ ಊರುಗಳ ಅಗಸಿ ಹತ್ತಿರ, ಮನೆಗಳ ಮುಂದೆ ಹಾಸುಗಲ್ಲಿನ ಕೆಳಗೆ ಹಗೇವು ಇರುತ್ತಿದ್ದವು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಗಟ್ಟಿ ನೆಲದಲ್ಲಿ ತೋಡಿ, ಒಳಗೆ ಬೆಂಕಿ ಹಾಕಿ ಒಣಗಿಸಿ, ಸುತ್ತ ಕಣಕಿ ಕೊಟ್ಟು, ಬಿಳಿಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು, ಹುಳ ಎರಡೂ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳ ಸಾಯುತ್ತವೆ. ಈಗ ಮಾರುವ ಗಾಳಿಯಾಡದ ಪ್ಲಾಸ್ಟಿಕ್ ಚೀಲದ ವಿಜ್ಞಾನವೂ ಇದೇ. 1876–78ರ ಧಾತು-ಈಶ್ವರ ಬರ ಕೇಳಿದ ಹಿರಿಯರು ಹಗೇವನ್ನ ತಿಜೋರಿಯಂತೆ ಕಾಯುತ್ತಿದ್ದರಂತೆ. ರೇಷನ್ ಅಕ್ಕಿ ಮನೆಮನೆಗೆ ಬಂದ ಮೇಲೆ ಒಂದೊಂದೇ ಮುಚ್ಚಿದವು. ಅಕ್ಕಿಯನ್ನ ದೂರಲ್ಲ, ಅದು ಹಸಿವು ನೀಗಿಸಿದೆ. ಆದರೆ 2020ರ ಲಾಕ್‌ಡೌನಿನಲ್ಲಿ ಜೋಳದ ಚೀಲ ಇದ್ದ ಮನೆಯವರು ಅಂಗಡಿ ಮುಂದೆ ಓಡಲಿಲ್ಲ, ಅದನ್ನೂ ನೋಡಿದ್ದೇನೆ.

ಯಾರಾದರೂ ಹಳೆ ಹಗೇವು ತೆರೆಯೋರಿದ್ದರೆ ದಯವಿಟ್ಟು ಕೇಳಿ: ತೆರೆದ ಕೂಡಲೇ ಒಳಗೆ ಇಳಿಯಬೇಡಿ. ಆ ಗಾಳಿಗೆ ಮನುಷ್ಯರು ಸತ್ತಿದ್ದಾರೆ. ಹಿರಿಯರು ಬಾಯಿ ತೆರೆದು ದಿನಗಟ್ಟಲೆ ಬಿಟ್ಟು, ದೀಪ ಇಳಿಸಿ ನೋಡಿ, ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಆದರೂ ಹಗ್ಗ ಇಲ್ಲದೆ, ಮೇಲೆ ಜನ ಇಲ್ಲದೆ ಬೇಡ.

ಹಗೇವು ಇಲ್ಲದವರಿಗೆ ಚೀಲ ಸಾಕು. ನಮ್ಮ ಮನೆಯಲ್ಲಿ ಐದು ಮಂದಿ, ದಿನಕ್ಕೆ ಒಂದೂವರೆ ಕೆ.ಜಿ. ಜೋಳ, ವರ್ಷಕ್ಕೆ ಐದೂವರೆ ಕ್ವಿಂಟಾಲ್. ಕಾಳು ಚೆನ್ನಾಗಿ ಒಣಗಿರಬೇಕು, ಹಲ್ಲಿಗೆ ಹಾಕಿದರೆ ಕಟ್ ಅನ್ನಬೇಕು. ಹಸಿ ಕಾಳನ್ನ ಗಾಳಿಯಾಡದ ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿಯುತ್ತೆ.

ಬೀಜದ ಮಾತು ಬೇರೆ. ಹಗೇವಿನ ಜೋಳ ಉಣ್ಣಾಕ ಸೈ, ಬಿತ್ತಾಕ ಬರಂಗಿಲ್ಲ ಅಂತ ಹಿರಿಯರು ಹೇಳೋರು. ಬೀಜದ ಜೋಳಕ್ಕೆ ಹೊಲದಲ್ಲೇ ತೆನೆ ಆರಿಸಿ, ಬೇರೆ ಒಣಗಿಸಿ ಇಡಿ. ಮಾಲ್ದಂಡಿ, ಅಣ್ಣಿಗೇರಿ ಕಡ್ಲಿ ಇಂಥವುಗಳ ಬೀಜ ಮನೆಯಲ್ಲೇ ಉಳಿಸಬಹುದು. ಹೈಬ್ರಿಡ್ ಗೋವಿನಜೋಳದ್ದು ಆಗೋದಿಲ್ಲ, ಅದಕ್ಕೆ ಅಂಗಡಿಯೇ ಗತಿ. ಕಡ್ಲಿ, ಹೆಸರಿಗೆ ಕೆ.ಜಿ.ಗೆ 5 ಮಿ.ಲೀ. ಬೇವಿನ ಎಣ್ಣೆ ಸವರಿ ಇಟ್ಟರೆ ಹುಳ ಮೊಟ್ಟೆ ಇಡೋದು ಕಡಿಮೆ.

ಮತ್ತೆ ಈ ವಾರವೇ ಒಂದು ಕೆಲಸ ಮಾಡಿ. ಹೆಸರು, ಶೇಂಗಾ, ಏನು ಬಿತ್ತೋರಿದ್ದೀರೋ ಅದರ ನೂರು ಬೀಜ ಎಣಿಸಿ, ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿ ನೆರಳಲ್ಲಿಡಿ, ಆರದಂತೆ ನೀರು ಚಿಮುಕಿಸಿ. ವಾರದ ಮೇಲೆ ಎಣಿಸಿ. ಹೆಸರಿನಲ್ಲಿ 75ಕ್ಕಿಂತ ಕಡಿಮೆ, ಶೇಂಗಾದಲ್ಲಿ 70ಕ್ಕಿಂತ ಕಡಿಮೆ ಮೊಳೆತಿದ್ದರೆ ಈಗಲೇ ಬೇರೆ ಬೀಜ ಹುಡುಕಿ. ಮಿರಗ ಕೂಡಿದ ಮೇಲೆ ಹುಡುಕಿದರೆ ಬೀಜಕ್ಕೂ ಪಾಳಿಯೇ.

ಕಾಕಾ ಈ ವರ್ಷ ಆರೇ ಚೀಲ ಅಂದಿದ್ದಾರೆ. ಮೊನ್ನೆ ಚಹಾ ಅಂಗಡಿಯಿಂದ ಬಂದವರು "ಎಂಟು ಇರಲೇನೋ?" ಅಂತ ಕೇಳಿದರು. ಹೋದ ವರ್ಷದ ಗಟ್ಟಿ ಚೀಲ ಎರಡು ಇನ್ನೂ ಹಿತ್ತಲ ಮೂಲೆಯಲ್ಲಿವೆ, ಮೊದಲು ಅವನ್ನ ಒಡೆಯೋಣ ನಡೀರಿ ಅಂದೆ.