ಬೈಸಿಕಲ್ಲಿನ ಜೋಡುಚೀಲ: ಬೆಲೆಗಿಂತ ಬಾಳಿಕೆ ಮುಖ್ಯ

ಹಾರೂಗೇರಿಯಂತಹ ಪೇಟೆಯಲ್ಲಿ ಅಂಗಡಿಯಿಂದ ಗಿರಾಕಿಯ ಮನೆಗೂ ಬ್ಯಾಂಕಿಗೂ ಬೈಸಿಕಲ್ಲಿನ ಮೇಲೆಯೇ ಹೋಗಿಬರುವವರು ಇಂದಿಗೂ ಇದ್ದಾರೆ. ಇಂಧನದ ಖರ್ಚಿಲ್ಲದ ಈ ವಾಹನಕ್ಕೆ ಕಟ್ಟುವ ಚೀಲದ ಬಗ್ಗೆ ಮಾತ್ರ ನಾವು ಯೋಚಿಸುವುದು ಕಡಿಮೆ.

1992ರಲ್ಲಿ ನಾನು ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ತರಬೇತಿ ಪಡೆಯುತ್ತಿದ್ದಾಗ, ಕಕ್ಷಿದಾರರೊಬ್ಬರ ಕೀರ್ದಿ, ಖತಾವಣಿಗಳನ್ನು ಬೈಸಿಕಲ್ಲಿನಲ್ಲಿ ತರುತ್ತಿದ್ದೆ. ಜುಲೈ ಮಳೆಯಲ್ಲಿ ಅಗ್ಗದ ಚೀಲದ ತಳ ಬಿಚ್ಚಿ ಪುಸ್ತಕಗಳು ಕೆಸರಿಗೆ ಬಿದ್ದವು. ಬಿಲ್ಲುಗಳನ್ನು ಹುಡುಕಿ ಪುಟಗಳನ್ನು ಮತ್ತೆ ಬರೆಯಲು ಹನ್ನೊಂದು ದಿನ ಹಿಡಿಯಿತು. ಬಿಲ್ಲಿಲ್ಲದ ಕೆಲವು ಉದ್ರಿ ಬಾಕಿಗಳ ಗುರುತೇ ಸಿಗಲಿಲ್ಲ. ಆ ನಷ್ಟವನ್ನು ಹೊತ್ತವರು ಕಕ್ಷಿದಾರರು.

ಜೋಡುಚೀಲದ ತತ್ತ್ವ ನಮಗೆ ಹೊಸದಲ್ಲ. ಹಿಂದೆ ಲಂಬಾಣಿ ವರ್ತಕರು ಹೇರೆತ್ತುಗಳ ಎರಡೂ ಬದಿಗೆ ಸಮತೂಕದ ಚೀಲಗಳನ್ನು ಇಳಿಬಿಟ್ಟು ಧಾನ್ಯ, ಉಪ್ಪು ಸಾಗಿಸುತ್ತಿದ್ದರು. ಬೈಸಿಕಲ್ಲಿಗೂ ಅದೇ ನಿಯಮ: ಭಾರ ಕೆಳಗಿರಬೇಕು, ಎರಡೂ ಬದಿಗೆ ಸಮನಾಗಿರಬೇಕು. ಕೊಳ್ಳುವಾಗ ಗಮನಿಸಬೇಕಾದ ಅಂಶಗಳು ಇಂತಿವೆ:

1. ಬಟ್ಟೆ: ನೈಲಾನ್ ಚೀಲಗಳ ಮೇಲೆ 'ಡೀನಿಯರ್' ಎಂಬ ಸಂಖ್ಯೆ ಇರುತ್ತದೆ. ಇದು 9,000 ಮೀಟರ್ ನೂಲಿನ ಗ್ರಾಂ ತೂಕ. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ಹತ್ತಿಯ ಕ್ಯಾನ್ವಾಸ್ ದುರಸ್ತಿಗೆ ಸುಲಭ, ಆದರೆ ನೆನೆದಾಗ ಒಣಗಿಸದಿದ್ದರೆ ಬೂಸು ಹಿಡಿಯುತ್ತದೆ. ಕಾಗದಪತ್ರ ಒಯ್ಯುವವರಿಗೆ ಪಿ.ವಿ.ಸಿ. ಲೇಪಿತ ತಾಡಪಾಲು ಉತ್ತಮ.

2. ಹೊಲಿಗೆ: ಚೀಲ ಮೊದಲು ಸೋಲುವುದು ತಳದ ಮೂಲೆಗಳಲ್ಲಿ ಮತ್ತು ಪಟ್ಟಿ ಕೂಡುವಲ್ಲಿ. ಅಲ್ಲಿ ಎರಡು ಪದರ ಬಟ್ಟೆ, ಜೋಡಿ ಹೊಲಿಗೆ ಅಥವಾ ರಿವೆಟ್ ಇರಲೇಬೇಕು.

3. ಕೊಕ್ಕೆ: ಕ್ಯಾರಿಯರಿನ ಸರಳಿನ ದಪ್ಪಕ್ಕೆ ಹೊಂದದ ಕೊಕ್ಕೆ ತಗ್ಗುದಿಣ್ಣೆಯಲ್ಲಿ ಅಲುಗಾಡಿ ಸವೆಯುತ್ತದೆ. ಅದು ಸ್ಕ್ರೂವಿನಿಂದ ಕೂಡಿದ್ದರೆ ಮುರಿದಾಗ ಬದಲಿಸಬಹುದು.

4. ಅಳತೆ: ಪೆಡಲ್ ತುಳಿಯುವಾಗ ಹಿಮ್ಮಡಿ ತಾಗಬಾರದು, ಒಳಬದಿ ಚಕ್ರದ ಕಡ್ಡಿಗೆ ಬಾಗಬಾರದು. ಹಿಂದೆ ಗಟ್ಟಿ ಹಲಗೆ ಇರುವ ಚೀಲ ಒಳ್ಳೆಯದು. ಕ್ಯಾರಿಯರಿನ ಮೇಲೆ ಭಾರದ ಮಿತಿ ಅಚ್ಚಾಗಿದ್ದರೆ ಅದನ್ನು ಮೀರಬೇಡಿ.

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ, 400 ರೂಪಾಯಿಯ ಚೀಲ ಎಂಟು ತಿಂಗಳು ಬಾಳಿದರೆ ತಿಂಗಳಿಗೆ 50 ರೂಪಾಯಿ. 1,800 ರೂಪಾಯಿಯದು ಐದು ವರ್ಷ ಬಾಳಿದರೆ ತಿಂಗಳಿಗೆ 30 ರೂಪಾಯಿ ಮಾತ್ರ. ನೆನೆದು ಹಾಳಾಗುವ ಸರಕಿನ ಬೆಲೆ ಈ ಲೆಕ್ಕದ ಹೊರಗಿದೆ. ಜಿ.ಎಸ್.ಟಿ. ನೋಂದಾಯಿತ ವರ್ತಕರು ವ್ಯಾಪಾರಕ್ಕಾಗಿ ಕೊಂಡಾಗ ತೆರಿಗೆ ಬಿಲ್ಲು ಪಡೆದರೆ, ನಿಯಮಗಳಿಗೊಳಪಟ್ಟು ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ. ಕಂಪೋಸಿಷನ್ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಅವರು ಪೂರ್ಣ ಬೆಲೆಯನ್ನೇ ವೆಚ್ಚವೆಂದು ಗಣಿಸಬೇಕು.

ಕೊನೆಯದಾಗಿ ನಮ್ಮ ಸಣ್ಣ ಉದ್ದಿಮೆದಾರರಿಗೆ ಒಂದು ಮಾತು. 1982ರಲ್ಲಿ ಆರಂಭವಾದ ಜರ್ಮನಿಯ ಓರ್ಟ್‌ಲೀಬ್ ಸಂಸ್ಥೆಯ ಹೆಸರಾಂತ ಜೋಡುಚೀಲಗಳ ಮೂಲ ಪ್ರೇರಣೆ ಲಾರಿಯ ತಾಡಪಾಲು. ಆ ತಾಡಪಾಲು ನಮ್ಮ ಪೇಟೆಯಲ್ಲೂ ಸಿಗುತ್ತದೆ, ಹೊಲಿಯುವವರೂ ಇದ್ದಾರೆ. ಚರ್ಮದ ಪಟ್ಟಿಗೆ ದೂರ ಹೋಗಬೇಕಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ಕುಶಲಕರ್ಮಿಗಳು ಪಕ್ಕದ ಅಥಣಿಯಲ್ಲೇ ಇದ್ದಾರೆ. ಬಾಳಿಕೆಯ ಚೀಲವನ್ನು ಕೇಳುವ ಗಿರಾಕಿ ಹೆಚ್ಚಿದರೆ, ಅದನ್ನು ಹೊಲಿದುಕೊಡುವ ಕೈಗಳಿಗೂ ಇಲ್ಲಿಯೇ ಕೆಲಸ ದೊರೆಯುತ್ತದೆ.