ಒಂಟಿ ತಂತಿಯ ಜಗದಗಲ ಸವಾರಿ

2001ರಲ್ಲಿ ಅಮೆರಿಕದ ರ‍್ಯಾಪ್ ಗಾಯಕಿ ಮಿಸ್ಸಿ ಎಲಿಯಟ್ ಅವರ ಹಾಡೊಂದು ಹೊರಬಂತು, ‘ಗೆಟ್ ಯರ್ ಫ್ರೀಕ್ ಆನ್’. ಸಂಗೀತ ಕಟ್ಟಿದವರು ಟಿಂಬಲ್ಯಾಂಡ್. ಹಾಡು ಶುರುವಾಗಿ ನಾವಿನ್ನೂ ಕಿವಿ ಹೊಂದಿಸಿಕೊಳ್ಳುವಷ್ಟರಲ್ಲಿ ಟಿಣ್ ಟಿಣ್ ಎಂದು ಆರೇ ಆರು ಸ್ವರಗಳ ತುಣುಕೊಂದು ಬಂದು ಬಡಿಯುತ್ತದೆ! ಸುತ್ತಿ ಸುತ್ತಿ ಅದೇ, ಮತ್ತೂ ಅದೇ. ಬೇಡವೆಂದರೂ ಕಾಲು ತಾಳ ಹಾಕುತ್ತದೆ. ಮರುವರ್ಷ ಈ ಹಾಡಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಯಾವ ವಾದ್ಯ ಅದು? ಗಿಟಾರ್ ಅಲ್ಲ, ಬ್ಯಾಂಜೋ ಅಲ್ಲ. ಅದು ತೂಂಬಿಯ ದನಿ. ಅಪ್ಪಟ ಪಂಜಾಬಿನ ತೂಂಬಿ! ಕಂಕುಳಲ್ಲಿ ಇಟ್ಟುಕೊಂಡು ಹೋಗುವಷ್ಟು ಚಿಕ್ಕ ವಾದ್ಯ. ಆ ದನಿಯ ಬೆನ್ನು ಹತ್ತಿ ಹಿಂದಕ್ಕೆ ಹೋಗುತ್ತ ಹೋದರೆ ಸಿಗುವ ಕಥೆಯಿದೆಯಲ್ಲ, ಅದು ಯಾವ ಸಿನಿಮಾಕ್ಕೂ ಕಡಿಮೆಯಿಲ್ಲ.

ಮೊದಲ ಹೆಜ್ಜೆ ಇಂಗ್ಲೆಂಡಿಗೆ. ಕವೆಂಟ್ರಿ ನಗರದ ಪಂಜಾಬಿ ಎಂಸಿ 1998ರಲ್ಲಿ ‘ಮುಂಡಿಯಾಂ ತೋ ಬಚ್ ಕೆ’ ಹಾಡನ್ನು ತಂದರು. ಹಾಡಿದವರು ಲಾಭ್ ಜಂಜುವಾ. ಕೆಳಗೆ ‘ನೈಟ್ ರೈಡರ್’ ಎಂಬ ಅಮೆರಿಕನ್ ಧಾರಾವಾಹಿಯ ಗುಡುಗುವ ಸಂಗೀತ, ಮೇಲೆ ಪುಟಿಯುವ ತೂಂಬಿ. ಕೆಲವು ವರ್ಷ ಕಳೆದು ಯುರೋಪಿಗೆ ಆ ಹಾಡಿನ ಹುಚ್ಚೇ ಹಿಡಿಯಿತು. 2003ರಲ್ಲಿ ಜೇ-ಝೀ ತಮ್ಮ ರ‍್ಯಾಪ್ ಸೇರಿಸಿ ಅದನ್ನು ಅಮೆರಿಕಕ್ಕೂ ದಾಟಿಸಿದರು. ಹಾಡಿನ ಹೆಸರು ಗೊತ್ತಿಲ್ಲದವರೂ ಆ ತೂಂಬಿಯನ್ನು ಮದುವೆ ಮೆರವಣಿಗೆಯಲ್ಲಿ ಕೇಳಿರುತ್ತಾರೆ, ಕುಣಿದೂ ಇರುತ್ತಾರೆ.

ಇನ್ನೂ ಹಿಂದಕ್ಕೆ ಬಂದರೆ 1980ರ ದಶಕದ ಲೂಧಿಯಾನ. ಬಸ್ ನಿಲ್ದಾಣದ ಆಸುಪಾಸಿನಲ್ಲಿ ಗಾಯಕರ ಕಚೇರಿಗಳು. ಹಳ್ಳಿಯಲ್ಲಿ ಮದುವೆ ಇದ್ದವರು ಬಸ್ಸಿಳಿದು ಇಲ್ಲಿಗೇ ಬಂದು ‘ಅಖಾಡಾ’ಕ್ಕೆ ಗಾಯಕರನ್ನು ಗೊತ್ತುಮಾಡಿಕೊಂಡು ಹೋಗುತ್ತಿದ್ದರು. ಅಖಾಡಾ ಎಂದರೆ ಬಯಲಲ್ಲಿ ನಡೆಯುವ ಹಾಡಿನ ಮೇಳ. ಇದೇ ಊರಲ್ಲಿ ಅಮರ್ ಸಿಂಗ್ ಚಮ್ಕೀಲಾ ಕೈಯಲ್ಲಿ ತೂಂಬಿ ಹಿಡಿದು ಪೋಲಿ ಹಾಡುಗಳಿಂದ ಪಂಜಾಬನ್ನೇ ಅಲ್ಲಾಡಿಸಿದ್ದು. 1988ರ ಮಾರ್ಚ್ 8ರಂದು ಹೆಂಡತಿ ಅಮರ್‌ಜೋತ್ ಜೊತೆ ಗುಂಡಿಗೆ ಬಲಿಯಾದ ಆತನ ಕಥೆಯನ್ನು 2024ರಲ್ಲಿ ಇಮ್ತಿಯಾಜ್ ಅಲಿ ಸಿನಿಮಾ ಮಾಡಿದರು. ಆದರೆ ಚಮ್ಕೀಲಾ ಹುಟ್ಟುವ ಮೊದಲೇ ಇದೇ ಲೂಧಿಯಾನದ ಜವಾಹರ್ ನಗರ ಕ್ಯಾಂಪಿನಲ್ಲಿ ಬೇರೊಬ್ಬರ ಬೆರಳಲ್ಲಿ ಈ ತಂತಿ ಕುಣಿಯುತ್ತಿತ್ತು.

ಅವರೇ ಲಾಲ್ ಚಂದ್ ಯಮಲಾ ಜಟ್!

ಹಳೆಯ ಚಿತ್ರಗಳಲ್ಲಿ ಅವರನ್ನೊಮ್ಮೆ ನೋಡಬೇಕು. ಉದ್ದ ಕುರ್ತಾ, ಲುಂಗಿಯಂತೆ ಸುತ್ತಿದ ತೆಹ್‌ಮತ್, ತಲೆಯ ಮೇಲೆ ಗರಿಗರಿ ಪೇಟ. ಆ ಪೇಟದಿಂದ ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ನಿಂತ ತುರಾಯಿ. ಮುಖದ ತುಂಬ ಮಗುವಿನ ನಗು. ಎದೆಗೆ ಒತ್ತಿಕೊಂಡ ತೂಂಬಿ. ತಾವೇ ಬರೆಯುತ್ತಿದ್ದರು, ತಾವೇ ರಾಗ ಹಾಕುತ್ತಿದ್ದರು, ತಾವೇ ನುಡಿಸಿಕೊಂಡು ಹಾಡುತ್ತಿದ್ದರು. ಎಚ್‌ಎಂವಿ ಕಂಪನಿಯ ತಟ್ಟೆಗಳಲ್ಲಿ ಅವರ ದನಿ ಮನೆಮನೆ ಸೇರಿತು. ಗುರು ನಾನಕರ ಲೀಲೆಯನ್ನು ಕೊಂಡಾಡುವ ಅವರ ಹಾಡು ಇವತ್ತಿಗೂ ಪಂಜಾಬಿಗಳ ಬಾಯಲ್ಲಿದೆ. ಪ್ರೀತಿ ಮಾಡಿ ನಾನೇನು ಗಳಿಸಿದೆ ಎಂದು ಕೇಳುವ ಇನ್ನೊಂದು ಹಾಡಂತೂ ಎಷ್ಟೋ ಗಾಯಕರ ಕೊರಳು ಹೊಕ್ಕು ಬಂದಿದೆ. ಒಂದೇ ತಂತಿಯಲ್ಲಿ ಇತ್ತ ದೇವರ ಧ್ಯಾನ, ಅತ್ತ ಒಡೆದ ಮನಸ್ಸಿನ ನೋವು!

ಲೂಧಿಯಾನಕ್ಕೂ ಅವರು ಬಂದು ನೆಲೆಸಿದವರು. ಹುಟ್ಟೂರು ಈಗಿನ ಪಾಕಿಸ್ತಾನದ ಟೋಬಾ ಟೇಕ್ ಸಿಂಗ್ ಸೀಮೆಯ ಹಳ್ಳಿ, ಚಕ್ 384. ಹೌದು, ಊರಿಗೆ ನಂಬರು! ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ಚೆನಾಬ್ ನದಿಯಿಂದ ಕಾಲುವೆ ತೆಗೆದು ಬರಡು ಬಯಲಿಗೆ ನೀರು ಹರಿಸಿದರು, ರೈತರನ್ನು ಕರೆತಂದು ನೆಲೆಗೊಳಿಸಿದರು. ಹಾಗೆ ಎದ್ದ ಹಳ್ಳಿಗಳಿಗೆ ನಂಬರು ಹಾಕುತ್ತ ಹೋದರು. ಆ ಸೀಮೆಯ ದೊಡ್ಡ ಪಟ್ಟಣ ಲಯಾಲ್‌ಪುರ. 1977ರಿಂದ ಅದು ಫೈಸಲಾಬಾದ್. ಟೋಬಾ ಟೇಕ್ ಸಿಂಗ್ ಎಂದ ಕೂಡಲೇ ಸಾಹಿತ್ಯಪ್ರಿಯರಿಗೆ ಸಾದತ್ ಹಸನ್ ಮಂಟೋ ನೆನಪಾಗದೆ ಇರುವುದಿಲ್ಲ. ದೇಶ ಹೋಳಾದಾಗ ತನ್ನ ಊರು ಯಾವ ಕಡೆ ಉಳಿಯಿತೆಂದು ತಿಳಿಯದೆ ಎರಡು ಗಡಿಗಳ ನಡುವೆ ಬಿದ್ದ ಬಿಶನ್ ಸಿಂಗನ ಊರು ಅದೇ. ಮಂಟೋ ಕಥೆಯ ಆ ಊರಿನ ಕಡೆಯಿಂದಲೇ ನಿಜವಾದ ಒಬ್ಬ ಹಾಡುಗಾರ ಗಡಿ ದಾಟಿ ಬಂದರು ಎಂದರೆ ಮೈ ಜುಂ ಎನ್ನುತ್ತದೆ.

1947ರಲ್ಲಿ ಪಂಜಾಬ್ ಎರಡಾಯಿತು. ಮನೆ, ಹೊಲ, ದನಕರು ಎಲ್ಲವನ್ನೂ ಬಿಟ್ಟು ಲಕ್ಷಾಂತರ ಜನ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೊರಟರು. ಲೂಧಿಯಾನ ಸೇರಿದ ಲಾಲ್ ಚಂದ್ ಅವರ ಬದುಕು ಮತ್ತೆ ಮೊದಲಿನಿಂದ ಶುರುವಾಯಿತು. ಕಳೆದುಕೊಂಡ ನೆಲ ಮರಳಿ ಬರುವುದಿಲ್ಲ, ಆದರೆ ಹಾಡು ಕೊರಳಲ್ಲಿತ್ತು. ಆ ಹಾಡಿಗೆ ಜೊತೆಯಾದ ವಾದ್ಯಕ್ಕೋ, ಗಾಡಿ ಬೇಡ, ಹೊರುವ ಆಳು ಬೇಡ.

ಈಗ ಆ ವಾದ್ಯವನ್ನು ಹತ್ತಿರದಿಂದ ನೋಡೋಣ. ಒಂದು ಕೋಲು. ಅದರ ಬುಡಕ್ಕೆ ಒಣಗಿಸಿದ ಸೋರೆಬುರುಡೆ, ಇಲ್ಲವೇ ಕೊರೆದ ಮರದ ಬಟ್ಟಲು. ಬಾಯಿಗೆ ಬಿಗಿದ ತೊಗಲು. ತೊಗಲಿನ ಮೇಲೆ ಪುಟ್ಟ ಕುದುರೆ, ಕುದುರೆಯ ಮೇಲೆ ಹಾದು ಮೇಲಿನ ಬಿರಡೆಗೆ ಸುತ್ತಿಕೊಂಡ ಒಂದೇ ಲೋಹದ ತಂತಿ. ಮುಗಿಯಿತು! ನಮ್ಮ ತತ್ವಪದಕಾರರ ಏಕತಾರಿಗೆ ದಾಯಾದಿ ಎನ್ನಬಹುದು. ಆದರೆ ಏಕತಾರಿ ಶ್ರುತಿ ಹಿಡಿದು ಹಿಂದೆ ನಿಲ್ಲುತ್ತದೆ, ತೂಂಬಿ ಮುಂದೆ ನುಗ್ಗುತ್ತದೆ. ಒಂದು ಕೈಯ ತೋರುಬೆರಳು ತಂತಿಯನ್ನು ಚಿಮ್ಮುತ್ತಲೇ ಇರುತ್ತದೆ. ಇನ್ನೊಂದು ಕೈಯ ಬೆರಳುಗಳು ಮೇಲ್ಗಡೆ ತಂತಿಯನ್ನು ಒತ್ತಿ ಬಿಟ್ಟು ನಾಲ್ಕಾರು ಸ್ವರ ಹುಟ್ಟಿಸುತ್ತವೆ. ಅಷ್ಟರಲ್ಲೇ ಎಲ್ಲ ಆಗಬೇಕು.

ಇಂಥ ವಾದ್ಯ ಅಲೆಮಾರಿ ಫಕೀರರ ಕೈಯಲ್ಲಿ ಮೊದಲೇ ಇತ್ತು. ಅದರ ಚುರುಕಾದ ಚಿಕ್ಕ ರೂಪವನ್ನು ವೇದಿಕೆಯ ನಟ್ಟನಡುವೆ ತಂದು ನಿಲ್ಲಿಸಿ, ಪಂಜಾಬಿ ಹಾಡುಗಾರನ ಗುರುತೇ ತೂಂಬಿ ಎನ್ನುವಂತೆ ಮಾಡಿದವರು ಯಮಲಾ ಜಟ್.

ಹಾಗಾದರೆ ಹಳ್ಳಿಯ ಈ ಬಡಪಾಯಿ ವಾದ್ಯ ನ್ಯೂಯಾರ್ಕ್, ಲಂಡನ್ನುಗಳ ಡಿಸ್ಕೊಗಳನ್ನು ಗೆದ್ದದ್ದು ಹೇಗೆ? ಗುಟ್ಟು ಅದರ ಬಡತನದಲ್ಲೇ ಇದೆ! ತೂಂಬಿಯ ದನಿ ಬಲು ಎತ್ತರದ್ದು. ಚಿಮ್ಮಿದ ಕ್ಷಣಕ್ಕೆ ಚುಚ್ಚಿ, ಮರುಕ್ಷಣಕ್ಕೆ ಆರಿಹೋಗುತ್ತದೆ. ಮೈಕು ಇಲ್ಲದ ಕಾಲದ ಜಾತ್ರೆಯನ್ನು ನೆನೆಸಿಕೊಳ್ಳಿ: ಢೋಲಿನ ಗುಡುಗು, ವ್ಯಾಪಾರಿಗಳ ಕೂಗು, ಮಕ್ಕಳ ಗಲಾಟೆ. ಅದನ್ನೆಲ್ಲ ಸೀಳಿಕೊಂಡು ಕೊನೆಯ ಸಾಲಿನವನನ್ನು ಮುಟ್ಟಲು ಇಂಥ ದನಿಯೇ ಬೇಕು. ಇವತ್ತಿನ ಡಿಸ್ಕೊದಲ್ಲೂ ಸ್ಥಿತಿ ಅದೇ. ಎದೆ ನಡುಗಿಸುವ ಡ್ರಮ್ಮು, ಬೇಸ್ ಕೆಳಗಿನ ಜಾಗವನ್ನೆಲ್ಲ ತುಂಬಿಕೊಂಡಿರುತ್ತವೆ, ಮೇಲೆ ಬಯಲೋ ಬಯಲು. ಆ ಬಯಲಿಗೆ ತೂಂಬಿ ಹಾರಿ ಕೂರುತ್ತದೆ.

ಎರಡನೆಯ ಗುಟ್ಟು ಇನ್ನೂ ಸೊಗಸು. ಸ್ವರಗಳು ಕಡಿಮೆ, ಹಾಗಾಗಿ ತೂಂಬಿ ನುಡಿಸುವವರು ಚಿಕ್ಕ ತುಣುಕೊಂದನ್ನು ಹಿಡಿದು ತಿರುತಿರುಗಿ ನುಡಿಸಲೇಬೇಕು. ಹಿಪ್‌ಹಾಪ್ ಸಂಗೀತ ನಿಂತಿರುವುದೂ ಅಂಥದೇ ತಿರುಗುವ ತುಣುಕಿನ ಮೇಲೆ! ಸ್ಟುಡಿಯೋದಲ್ಲಿ ಯಂತ್ರ ಮಾಡುವ ಕೆಲಸವನ್ನು ಪಂಜಾಬಿನ ತೋರುಬೆರಳು ಎಷ್ಟೋ ಮೊದಲೇ ಮಾಡುತ್ತಿತ್ತು. ಅಮೆರಿಕದ ಹಾಡಿನ ತೂಂಬಿ ಯಮಲಾ ನುಡಿಸಿದ್ದಲ್ಲ, ನಿಜ. ಆದರೆ ಅವರು ಮುನ್ನೆಲೆಗೆ ತಂದ ವಾದ್ಯ ಹೊಸ ಸಂಗೀತಕ್ಕೆ ಹೇಳಿ ಮಾಡಿಸಿದ ಹಾಗೆ ಸಿದ್ಧವಾಗಿ ನಿಂತಿತ್ತು.

ಸಂಗೀತ ನಾಟಕ ಅಕಾಡೆಮಿ ಅವರನ್ನು ಗೌರವಿಸಿತು. ನರಿಂದರ್ ಬೀಬಾ, ಜಗತ್ ಸಿಂಗ್ ಜಗ್ಗಾ ಅವರಂಥ ಶಿಷ್ಯರು ಬೆಳೆದರು. ಮನೆಯ ಮುಂದಿನ ತಲೆಮಾರೂ ತೂಂಬಿ ಹಿಡಿಯಿತು. 1991ರ ಡಿಸೆಂಬರ್ 20ರಂದು ಯಮಲಾ ಜಟ್ ತೀರಿಕೊಂಡರು. ಗ್ರ್ಯಾಮಿ ಗೆದ್ದ ಆ ಟಿಣ್ ಟಿಣ್ ಹುಟ್ಟುವುದಕ್ಕೆ ಇನ್ನೂ ಹತ್ತು ವರ್ಷ ಬಾಕಿಯಿತ್ತು.

ದೇಶ ಒಡೆದಾಗ ಅರಮನೆಗಳು ಕೈತಪ್ಪಿದವು, ಹೊಲಗಳು ಕೈತಪ್ಪಿದವು. ಉಳಿದು ಊರೂರು ಸುತ್ತಿ ಕಡಲು ದಾಟಿದ್ದು ಒಂದು ಬುರುಡೆ, ಒಂದು ಕೋಲು, ಒಂದು ತಂತಿ. ಆ ತಂತಿಯ ಸದ್ದು ಈಗ ಲೋಕಕ್ಕೆಲ್ಲ ಗೊತ್ತು, ಅದನ್ನು ಮೆರೆಸಿದವರ ಹೆಸರು ಮಾತ್ರ ಪಂಜಾಬಿನ ಆಚೆ ಕೇಳಿದವರು ಕಡಿಮೆ. ಇದು ಯಾವ ನ್ಯಾಯ? ಮುಂದಿನ ಮದುವೆಯಲ್ಲಿ ತೂಂಬಿಗೆ ಕುಣಿಯುವಾಗ ಪಕ್ಕದವರಿಗೂ ಹೇಳಿಬಿಡಿ: ಲಾಲ್ ಚಂದ್ ಯಮಲಾ ಜಟ್, ಚಕ್ 384!