ಮೇಜಿನ ಮೇಲಿನ ಸೈನ್ಯಕ್ಕೆ ಬಣ್ಣ

ಯಕ್ಷಗಾನದ ಚೌಕಿಯಲ್ಲಿ ರಾಕ್ಷಸ ವೇಷಧಾರಿಯ ಮುಖವನ್ನು ಒಂದು ಗೇಣಿನ ಅಂತರದಿಂದ ನೋಡಿದವರಿಗೆ ಅದು ಅಂದವಾಗಿ ಕಾಣುವುದಿಲ್ಲ. ಕಪ್ಪು, ಕೆಂಪು, ಬಿಳಿಗಳು ಒಂದರ ಪಕ್ಕದಲ್ಲೊಂದು ಒರಟಾಗಿ ನಿಂತಿರುತ್ತವೆ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ ಇಟ್ಟ ಚಿಟ್ಟೆಯು ಮುಳ್ಳುಗಳಂತೆ ಎದ್ದು ತೋರುತ್ತದೆ. ಅದೇ ಮುಖವು ರಂಗಸ್ಥಳಕ್ಕೆ ಬಂದೊಡನೆ, ಗದ್ದೆಯ ಅಂಚಿನಲ್ಲಿ ಕುಳಿತವನಿಗೂ ಹುಬ್ಬಿನ ಕೊಂಕು, ಕಣ್ಣಿನ ಉರಿ, ಬಾಯಿಯ ಕ್ರೌರ್ಯ ಸ್ಪಷ್ಟವಾಗಿ ಗೋಚರಿಸುತ್ತವೆ. ಬಣ್ಣವು ಬದಲಾಗಲಿಲ್ಲ, ನೋಡುವ ದೂರವು ಬದಲಾಯಿತು. ಬಣ್ಣವನ್ನು ಯಾವ ದೂರಕ್ಕಾಗಿ ಹಚ್ಚುತ್ತೇವೆ ಎಂಬ ಈ ಪ್ರಶ್ನೆಯೇ ಹೆಬ್ಬೆರಳಿನ ಗಾತ್ರದ ಸೈನಿಕರಿಗೆ ಬಣ್ಣ ಬಳಿಯುವ ಕೆಲಸದಲ್ಲಿಯೂ ಮುಖ್ಯವಾದುದು.

ಮೇಜಿನ ಮೇಲೆ ಬೆಟ್ಟ, ಹೊಳೆ, ಕೋಟೆಗಳ ಮಾದರಿಗಳನ್ನಿಟ್ಟು, ಪುಟ್ಟ ಸೈನಿಕರನ್ನು ಅಳತೆಗೋಲಿನಿಂದ ಅಳೆದು ಮುಂದೊತ್ತಿ, ದಾಳ ಉರುಳಿಸಿ ಜಯಾಪಜಯಗಳನ್ನು ನಿರ್ಣಯಿಸುವ ಆಟವನ್ನು ಕೆಲವು ವಾಚಕರಾದರೂ ಬಲ್ಲರು. ಚತುರಂಗವನ್ನು ಲೋಕಕ್ಕೆ ಕೊಟ್ಟ ನಾಡಿನವರಿಗೆ ಇದು ತೀರ ಹೊಸದೇನೂ ಅಲ್ಲ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬವನು ನಕ್ಷೆಯ ಮೇಲೆ ಆಡುವ ಯುದ್ಧದ ಆಟವೊಂದನ್ನು ಅಧಿಕಾರಿಗಳ ಶಿಕ್ಷಣಕ್ಕಾಗಿ ಸಿದ್ಧಗೊಳಿಸಿದನು. 1913ರಲ್ಲಿ ಎಚ್. ಜಿ. ವೆಲ್ಸ್ 'ಲಿಟ್ಲ್ ವಾರ್ಸ್' ಎಂಬ ಪುಸ್ತಕದಲ್ಲಿ ಆಟಿಕೆಯ ಸೈನಿಕರಿಂದ ಆಡುವ ನಿಯಮಗಳನ್ನು ಪ್ರಕಟಿಸಿದನು. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಎಷ್ಟೋ ಮೇಲೆಂಬುದು ಅವನ ಅಭಿಪ್ರಾಯವಾಗಿತ್ತು.

ಈ ಆಟದ ಗೊಂಬೆಗಳು ಸಾಮಾನ್ಯವಾಗಿ ಬಣ್ಣವಿಲ್ಲದೆಯೇ ಮಾರಾಟಕ್ಕೆ ಬರುತ್ತವೆ. ಒಂದು ಸೈನ್ಯಕ್ಕೆ ನಲವತ್ತು, ಅರುವತ್ತು, ನೂರು ಗೊಂಬೆಗಳು ಬೇಕು. ಹೊಸಬರಲ್ಲಿ ಅನೇಕರು ಮೊದಲ ಮೂವರಿಗೆ ವಾರಗಟ್ಟಲೆ ಶ್ರಮಿಸಿ, ಕಣ್ಣಿನ ಪಾಪೆಯನ್ನೂ ಅಂಗಿಯ ಗುಂಡಿಯನ್ನೂ ಬಿಡಿಸಿ, ಉಳಿದವರನ್ನು ಪೆಟ್ಟಿಗೆಯಲ್ಲಿಯೇ ಬಿಡುತ್ತಾರೆ. ಸೈನ್ಯವು ಮೇಜಿಗೆ ಬರುವುದೇ ಇಲ್ಲ. ಆದುದರಿಂದಲೇ ಅನುಭವಿಗಳು 'ಆಟಕ್ಕೆ ತಕ್ಕ ಮಟ್ಟ' ಎಂಬ ಮಾತನ್ನು ಬಳಕೆಗೆ ತಂದಿದ್ದಾರೆ. ಇದು ಸೋಮಾರಿತನಕ್ಕೆ ಕೊಟ್ಟ ಹೆಸರಲ್ಲ. ಈ ಮಟ್ಟವನ್ನು ನಿಶ್ಚಯಿಸುವುದು ನಮ್ಮ ಕಣ್ಣಿನ ರಚನೆಯೇ ಎಂಬುದನ್ನು ಈಗ ನೋಡೋಣ.

ಕಣ್ಣಿನ ಎಲ್ಲೆ

ಒಂದು ಡಿಗ್ರಿ ಕೋನವನ್ನು 60 ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಕಲೆ ಎನ್ನುತ್ತಾರೆ. ಎರಡು ಗುರುತುಗಳು ಕಣ್ಣಿನಲ್ಲಿ ಸುಮಾರು ಒಂದು ಕಲೆಗಿಂತ ಕಡಿಮೆ ಕೋನವನ್ನು ಮಾಡಿದರೆ ಸಾಮಾನ್ಯ ದೃಷ್ಟಿಯುಳ್ಳವನು ಅವನ್ನು ಬೇರೆಬೇರೆಯಾಗಿ ಗುರುತಿಸಲಾರನು. ಬಣ್ಣ ಬಳಿಯುವವನು ಗೊಂಬೆಯನ್ನು 25 ಸೆಂಟಿಮೀಟರು ದೂರದಲ್ಲಿ ಹಿಡಿಯುತ್ತಾನೆ; ಅಲ್ಲಿ ಒಂದು ಕಲೆಯೆಂದರೆ 0.07 ಮಿಲಿಮೀಟರು. ಆಡುವವನು ಮೇಜಿನ ಬದಿಯಲ್ಲಿ ನಿಂತು ಸುಮಾರು ಒಂದು ಮೀಟರು ದೂರದಿಂದ ನೋಡುತ್ತಾನೆ. ಅಲ್ಲಿ ಅದೇ ಕಲೆಯು 0.3 ಮಿಲಿಮೀಟರು. ಎಂದರೆ, ಬಳಿಯುವವನು ಕಾಣುವ ಸೂಕ್ಷ್ಮತೆಯ ನಾಲ್ಕನೆಯ ಒಂದು ಪಾಲು ಮಾತ್ರ ಆಡುವವನಿಗೆ ಲಭಿಸುತ್ತದೆ.

ಈ ಲೆಕ್ಕವನ್ನು ಗೊಂಬೆಗೆ ಅನ್ವಯಿಸೋಣ. ಬಹು ಬಳಕೆಯಲ್ಲಿರುವ 28 ಮಿಲಿಮೀಟರಿನ ಸೈನಿಕನು ನಿಜವಾದ ಮನುಷ್ಯನ ಸುಮಾರು ಅರುವತ್ತನೆಯ ಒಂದು ಪಾಲು. ಮನುಷ್ಯನ ತೆರೆದ ಕಣ್ಣು ಸುಮಾರು 3 ಸೆಂಟಿಮೀಟರು ಅಗಲ, 1 ಸೆಂಟಿಮೀಟರು ಎತ್ತರವಿರುತ್ತದೆ. ಗೊಂಬೆಯಲ್ಲಿ ಅದು 0.5 ಮಿಲಿಮೀಟರು ಅಗಲ, 0.17 ಮಿಲಿಮೀಟರು ಎತ್ತರವಾಯಿತು. ಒಂದು ಮೀಟರು ದೂರದಿಂದ ಆ ಕಣ್ಣಿನ ಬಿಳಿಯನ್ನೂ ಪಾಪೆಯನ್ನೂ ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲ. ಹೀಗಿರುವಾಗ ಅದನ್ನು ಬಿಡಿಸಲು ಅರ್ಧ ತಾಸು ಕಳೆಯುವುದೇಕೆ? ಕಣ್ಣಿನ ಗುಳಿಯಲ್ಲಿ ಕಂದು ಬಣ್ಣದ ನೆರಳು ನಿಂತರೆ ಸಾಕು. ಉಳಿದುದನ್ನು ನೋಡುವವನ ಮನಸ್ಸೇ ತುಂಬಿಕೊಳ್ಳುತ್ತದೆ.

ಮಂಗಳೂರಿನ ಮುತ್ತಿಗೆಯ ಉದಾಹರಣೆ

ನಮ್ಮ ಊರಿನದೇ ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. 1783ರ ಮೇ ತಿಂಗಳಿನಲ್ಲಿ ಟಿಪ್ಪು ಸುಲ್ತಾನನು ಮಂಗಳೂರಿನ ಕೋಟೆಯನ್ನು ಮುತ್ತಿದನು. ಒಳಗಿದ್ದ ಆಂಗ್ಲ ಪಡೆಯು ಕ್ಯಾಂಬೆಲ್ ಎಂಬವನ ನಾಯಕತ್ವದಲ್ಲಿ ಹಸಿವು ರೋಗಗಳಿಂದ ಕುಂದುತ್ತ ಎಂಟು ತಿಂಗಳಿಗೂ ಮೀರಿ ನಿಂತು, 1784ರ ಜನವರಿ 30ರಂದು ಶರಣಾಯಿತು. ಅದೇ ವರ್ಷದ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ರುಜು ಬಿತ್ತು. ಬೋಳೂರಿನ ಸುಲ್ತಾನ್ ಬತ್ತೇರಿಯು ಆ ಕಾಲವನ್ನು ಇಂದಿಗೂ ನೆನಪಿಗೆ ತರುತ್ತದೆ.

ಈ ಮುತ್ತಿಗೆಯನ್ನು ಮೇಜಿನ ಮೇಲೆ ಆಡಬೇಕಾದರೆ, ನೋಡಿದೊಡನೆ ಪಕ್ಷಗಳು ಬೇರೆಯಾಗಿ ತಿಳಿಯಬೇಕು. ಕುಂಪಣಿಯ ಸಿಪಾಯಿಗಳಿಗೂ ಆಂಗ್ಲರಿಗೂ ಕೆಂಪಂಗಿ ಉಂಟು. ಅದು ದೂರಕ್ಕೆ ಎದ್ದು ಕಾಣುತ್ತದೆ. ಟಿಪ್ಪುವಿನ ಕಾಲಾಳುಗಳ ಉಡುಪಿನಲ್ಲಿ ಹುಲಿಪಟ್ಟೆಯ ಗುರುತು ಇರುತ್ತಿದ್ದುದು ಪ್ರಸಿದ್ಧ. ಒಂದೊಂದು ಪಟ್ಟೆಯು 2 ಸೆಂಟಿಮೀಟರು ಅಗಲವಿತ್ತೆಂದು ಇಟ್ಟುಕೊಂಡರೆ, 28 ಮಿಲಿಮೀಟರಿನ ಗೊಂಬೆಯಲ್ಲಿ ಅದು 0.33 ಮಿಲಿಮೀಟರು, ಕಣ್ಣಿನ ಎಲ್ಲೆಯ ಅಂಚಿನಲ್ಲಿದೆ. 15 ಮಿಲಿಮೀಟರಿನ ಗೊಂಬೆಯಲ್ಲಿ ಅದು 0.18 ಮಿಲಿಮೀಟರಿಗೆ ಇಳಿಯುತ್ತದೆ. ಆಗ ಬಿಳಿಯ ಪಟ್ಟೆಯೂ ಊದಾ ಬಣ್ಣದ ನೆಲವೂ ಕಣ್ಣಿನಲ್ಲಿ ಕೂಡಿಹೋಗಿ ಬರಿಯ ತೆಳು ಊದಾ ಅಂಗಿಯಾಗುತ್ತದೆ. ಅಳತೆಗೆ ನಿಷ್ಠನಾಗಿ ನೂರು ಪಟ್ಟೆ ಎಳೆದವನ ಸೈನಿಕನಿಗೆ ಪಟ್ಟೆಯೇ ಇಲ್ಲ! ಐದಾರು ಪಟ್ಟೆಗಳನ್ನು 0.6 ಮಿಲಿಮೀಟರು ಅಗಲವಾಗಿ ಎಳೆದವನ ಸೈನಿಕನನ್ನು ಮಾತ್ರ ಎಲ್ಲರೂ ಟಿಪ್ಪುವಿನ ಕಡೆಯವನೆಂದು ಗುರುತಿಸುತ್ತಾರೆ. ಚೌಕಿಯಲ್ಲಿ ಹುಬ್ಬನ್ನು ದೊಡ್ಡದಾಗಿ ಬರೆಯುವುದೂ ಇದೇ ಕಾರಣಕ್ಕಾಗಿ.

ನೆರಳನ್ನು ಬರೆಯುವುದೇಕೆ?

ಗೊಂಬೆಯ ಅಂಗಿಯಲ್ಲಿ ನಿಜವಾದ ಮಡಿಕೆಗಳೇ ಇರುವಾಗ ಅದರ ನೆರಳನ್ನು ಬಣ್ಣದಿಂದ ಬರೆಯುವ ಅಗತ್ಯವೇನು? ಎಂದು ಕೆಲವರು ಕೇಳಬಹುದು. ಬಯಲಿನಲ್ಲಿ ನಿಂತ ಮನುಷ್ಯನ ಮೇಲೆ ಬೀಳುವುದು ಸೂರ್ಯನ ಬೆಳಕು. ಸೂರ್ಯನು ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟೇ ಅಗಲ. ಆದುದರಿಂದ ಅವನು ಮೂಡಿಸುವ ನೆರಳಿನ ಅಂಚು ಸ್ಪಷ್ಟ. ಕೋಣೆಯೊಳಗಾದರೋ ಬೆಳಕು ಅಗಲವಾದ ಕಿಟಕಿಯಿಂದ, ಉದ್ದನೆಯ ದೀಪದಿಂದ, ಬಿಳಿಯ ಗೋಡೆಯಿಂದ, ಮೇಜಿನ ಮೈಯಿಂದ, ಹೀಗೆ ಎಲ್ಲ ಕಡೆಗಳಿಂದಲೂ ಬಂದು ಮಡಿಕೆಗಳನ್ನು ತುಂಬಿಬಿಡುತ್ತದೆ. ಒಂದೇ ಬಣ್ಣ ಬಳಿದ ಗೊಂಬೆ ದೂರದಿಂದ ಬಣ್ಣದ ಮುದ್ದೆಯಾಗಿ ಕಾಣುವುದು ಇದರಿಂದಲೇ. ಬೆಳಕು ಕೊಡದ ನೆರಳನ್ನು ಕುಂಚವು ಕೊಡಬೇಕು. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು ಕೆಳಗೆ ನಿಂತು ನೋಡಿದವರಿಗೆ, ಬಣ್ಣದ ನೆರಳು ಬೆಳಕುಗಳಿಂದ ಉಬ್ಬು ತಗ್ಗುಗಳು ಹೇಗೆ ಹುಟ್ಟುವುವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇದಕ್ಕೆ ಸುಲಭವಾದ ಉಪಾಯ ಒಂದುಂಟು. ಮೊದಲು ಅಂಗಿ, ಮುಖ, ಬಂದೂಕುಗಳಿಗೆ ಅವುಗಳ ಮೂಲ ಬಣ್ಣವನ್ನು ಹಚ್ಚಿ ಒಣಗಿಸಬೇಕು. ಬಳಿಕ ಬಹಳ ನೀರಾದ ಕಂದು ಬಣ್ಣವನ್ನು ಇಡೀ ಗೊಂಬೆಯ ಮೇಲೆ ಹರಿಯಬಿಡಬೇಕು. ದ್ರವದ ಮೇಲ್ಮೈ ಎಳೆತದಿಂದ ಅದು ಉಬ್ಬಿದ ಕಡೆಗಳಿಂದ ಜಾರಿ ಮಡಿಕೆಗಳಲ್ಲಿ ಸೇರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಏರಿಸುವ ಕೇಶಾಕರ್ಷಣೆಯೇ ಇಲ್ಲಿಯೂ ಕೆಲಸ ಮಾಡುತ್ತದೆ. ಅದು ಒಣಗಿದ ಮೇಲೆ, ಕುಂಚದಲ್ಲಿರುವ ಬಣ್ಣವನ್ನು ಬಟ್ಟೆಗೆ ಒರೆಸಿ, ಬಹುಮಟ್ಟಿಗೆ ಒಣಗಿದ ಆ ಕುಂಚದಿಂದ ತಿಳಿಬಣ್ಣವನ್ನು ಮೆಲ್ಲನೆ ಸವರಿದರೆ ಉಬ್ಬಿದ ಅಂಚುಗಳು ಮಾತ್ರ ಬಣ್ಣವನ್ನು ಹಿಡಿಯುತ್ತವೆ. ತಗ್ಗಿಗೆ ನೆರಳೂ ಉಬ್ಬಿಗೆ ಬೆಳಕೂ ಹೀಗೆ ತಾವಾಗಿಯೇ ಬೀಳುತ್ತವೆ.

ಕೆಲಸದ ಅನುಕ್ರಮವೂ ಮುಖ್ಯ. ಒಬ್ಬ ಸೈನಿಕನನ್ನು ಮುಗಿಸಿ ಇನ್ನೊಬ್ಬನನ್ನು ತೆಗೆದುಕೊಳ್ಳುವುದಕ್ಕಿಂತ, ಹತ್ತು ಮಂದಿಯನ್ನು ಸಾಲಾಗಿ ನಿಲ್ಲಿಸಿ ಎಲ್ಲರ ಅಂಗಿ, ಅನಂತರ ಎಲ್ಲರ ಮುಖ, ಅನಂತರ ಎಲ್ಲರ ಬಂದೂಕು ಎಂದು ಮುಂದುವರಿಯುವುದು ಲೇಸು. ಹತ್ತನೆಯವನ ಅಂಗಿ ಮುಗಿಯುವಷ್ಟರಲ್ಲಿ ಮೊದಲನೆಯವನದು ಒಣಗಿರುತ್ತದೆ.

ಕರಾವಳಿಯ ಗಾಳಿ

ಹೊರದೇಶಗಳ ಕೈಪಿಡಿಗಳು ಹೇಳುವ ಕ್ರಮವು ಮಂಗಳೂರಿನಲ್ಲಿ ಎಲ್ಲ ಕಾಲದಲ್ಲಿಯೂ ನಡೆಯುವುದಿಲ್ಲ. ಈಗ ಬಳಕೆಯಲ್ಲಿರುವ ಅಕ್ರಿಲಿಕ್ ಬಣ್ಣಗಳಲ್ಲಿ ರಾಳದ ಅತಿ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಕಣಗಳು ಒತ್ತಿಕೊಂಡು ಬೆಸೆದು ಪೊರೆಯಾಗುತ್ತವೆ. ಆಷಾಢದಲ್ಲಿ ಗಾಳಿಯೇ ನೀರಿನಿಂದ ತುಂಬಿರುವಾಗ ಆರುವುದು ನಿಧಾನ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿಯಾಗಿಯೇ ಇರಬಹುದು; ಅದರ ಮೇಲೆ ಮತ್ತೆ ಕುಂಚವನ್ನಾಡಿಸಿದರೆ ಕೆಳಗಿನ ಬಣ್ಣವು ಕಿತ್ತು ಬರುತ್ತದೆ.

ಡಬ್ಬಿಯಿಂದ ಸಿಂಪಡಿಸುವ ತಳಬಣ್ಣ ಮತ್ತು ವಾರ್ನಿಷುಗಳಲ್ಲಿ ಇನ್ನೊಂದು ಅಪಾಯವಿದೆ. ಸಿಂಪಡಿಸಿದ ದ್ರಾವಕವು ಬೇಗನೆ ಆವಿಯಾಗುತ್ತ ಗೊಂಬೆಯ ಮೈಯನ್ನು ತಂಪುಗೊಳಿಸುತ್ತದೆ. ಉಷ್ಣತೆಯು 27 ಡಿಗ್ರಿ ಸೆಂಟಿಗ್ರೇಡ್, ಗಾಳಿಯ ಆರ್ದ್ರತೆಯು ನೂರಕ್ಕೆ 90 ಇರುವ ಮಳೆಗಾಲದ ದಿನದಲ್ಲಿ ಇಬ್ಬನಿಬಿಂದುವು ಸುಮಾರು 25 ಡಿಗ್ರಿ. ಮೈಯು ಎರಡು ಡಿಗ್ರಿ ತಣಿದರೆ ಸಾಕು, ಅದರ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂಡುತ್ತದೆ. ವಾರ್ನಿಷು ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಉಷ್ಣತೆ 30 ಡಿಗ್ರಿ, ಆರ್ದ್ರತೆ ನೂರಕ್ಕೆ 60 ಇರುವ ದಿನದಲ್ಲಿ ಇಬ್ಬನಿಬಿಂದುವು 21ರ ಸಮೀಪಕ್ಕಿಳಿಯುವುದರಿಂದ ಆ ಭಯವು ಬಹಳ ಕಡಿಮೆ. ಆದುದರಿಂದ ಸಿಂಪಡಿಸುವ ಕೆಲಸವನ್ನು ಮಳೆ ಬಿಟ್ಟ ತಿಂಗಳುಗಳ ನಡುಹಗಲಿಗೆ ಇಟ್ಟುಕೊಂಡು, ಮಳೆಗಾಲದಲ್ಲಿ ತಳಬಣ್ಣವನ್ನು ಕುಂಚದಿಂದಲೇ ಹಚ್ಚುವುದು ಜಾಣತನ.

ಕೊನೆಗೆ ವಾರ್ನಿಷನ್ನು ಬಿಡಲಾಗದು. ಆಟದ ಗೊಂಬೆಯನ್ನು ಬೆವರಿದ ಬೆರಳುಗಳು ನೂರು ಬಾರಿ ಎತ್ತಿಡುತ್ತವೆ. ಮೊದಲು ಸವೆಯುವುದು ಮೂಗು, ಟೋಪಿ, ಬಂದೂಕಿನ ತುದಿಗಳು. ಹೊಳಪಿಲ್ಲದ ವಾರ್ನಿಷು ಉತ್ತಮ. ಹೊಳೆಯುವ ಮೈಯು ದೀಪವನ್ನು ಕನ್ನಡಿಯಂತೆ ಪ್ರತಿಫಲಿಸಿ, ಬರೆದ ನೆರಳನ್ನೆಲ್ಲ ಕೆಡಿಸುತ್ತದೆ.

ಮಕ್ಕಳಿರುವ ಮನೆಯಲ್ಲಿ

ಹಳೆಯ ಲೋಹದ ಗೊಂಬೆಗಳು ಬಹುಮಟ್ಟಿಗೆ ಸೀಸ ತವರಗಳ ಮಿಶ್ರಲೋಹದವು. ಅವನ್ನು ಅರದಿಂದ ಉಜ್ಜಿದಾಗ ಏಳುವ ಧೂಳು ವಿಷ. ಸೀಸವು ದೇಹದಲ್ಲಿ ಸಂಗ್ರಹವಾಗಿ, ಮುಖ್ಯವಾಗಿ ಮಕ್ಕಳ ಮೆದುಳಿನ ಬೆಳವಣಿಗೆಗೆ ಕುಂದು ತರುತ್ತದೆ. ಇಂತಹ ಗೊಂಬೆಯನ್ನು ಒದ್ದೆಮಾಡಿ ಉಜ್ಜಬೇಕು. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೈಯನ್ನು ಸಾಬೂನಿನಿಂದ ತೊಳೆಯಬೇಕು. 2016ರ ನಿಯಮದಂತೆ ನಮ್ಮ ದೇಶದಲ್ಲಿ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಕೂಡದು. ಮೂಲೆಯಲ್ಲಿ ಉಳಿದ ಹಳೆಯ ಡಬ್ಬಿಗೆ ಈ ಭರವಸೆಯಿಲ್ಲ. ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡುವ ಅಭ್ಯಾಸವನ್ನಂತೂ ಸರ್ವಥಾ ಬಿಡತಕ್ಕದ್ದು.

ಇಷ್ಟನ್ನು ತಿಳಿದವರು ಗೊಂಬೆಯನ್ನು ಪರೀಕ್ಷಿಸುವಾಗ ಕಣ್ಣಿನ ಹತ್ತಿರಕ್ಕೆ ತರದೆ, ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಲಿ. ಅಲ್ಲಿಂದ ಯಾವ ಪಕ್ಷದವನು, ಯಾವ ಆಯುಧದವನು ಎಂದು ತಿಳಿದರೆ, ಮೈಯಲ್ಲಿ ನೆರಳು ಬೆಳಕು ಕಂಡರೆ, ಆ ಸೈನಿಕನ ಕೆಲಸ ಮುಗಿಯಿತು. ಅವನನ್ನು ಬದಿಗಿಟ್ಟು ಮುಂದಿನವನನ್ನು ಎತ್ತಿಕೊಳ್ಳಬಹುದು. ಅತಿ ಸೂಕ್ಷ್ಮವಾಗಿ ಬರೆದ ಮೂವರಿಗಿಂತ, ಸಾಲಾಗಿ ನಿಂತ ನಲವತ್ತು ಮಂದಿಯೇ ಮೇಜಿನ ಮೇಲೆ ಸೈನ್ಯವೆನ್ನಿಸುತ್ತಾರೆ.